ತೆಂಗಿನಕಾಯಿ ಬಿದ್ದ ಲೆಕ್ಕ: ಭೌತವಿಜ್ಞಾನದ ಪಾಠದಿಂದ ಸಾಫ್ಟ್‌ವೇರ್ ದಾರಿಯವರೆಗೆ

ಪೀಠಿಕೆ

ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯಿಂದ ಬಿ.ಎಸ್ಸಿ. ಮುಗಿಸಿ ಬಿ.ಎಡ್. ಸೇರಿದ ನಮ್ಮಂಥವರಿಗೆ ಮನೆಯಲ್ಲೂ ಬಸ್ಸಿನಲ್ಲೂ ಎದುರಾಗುವ ಪ್ರಶ್ನೆ ಒಂದೇ: "ಫಿಸಿಕ್ಸ್ ಕಲಿತವಳು ಸಾಫ್ಟ್‌ವೇರಿಗೆ ಯಾಕೆ ಹೋಗಲಿಲ್ಲ?" ಅಭ್ಯಾಸ ಬೋಧನೆಯ ಎರಡನೇ ವಾರ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳೂ ಕೇಳಿದಳು: "ಟೀಚರ್, ನೀವು ಸಹ ಬೆಂಗಳೂರಿಗೆ ಹೋಗುವುದಾ?" ನಾನು ನಕ್ಕು ಸುಮ್ಮನಾದೆ. ಆ ವಾರ ನಾನು ಮಾಡಿದ ಒಂದು ಪಾಠ, ಅದರಲ್ಲಿ ನನ್ನಿಂದಾದ ಒಂದು ತಪ್ಪು, ಈ ಪ್ರಶ್ನೆಯನ್ನು ಮತ್ತೆ ಯೋಚಿಸುವಂತೆ ಮಾಡಿದವು.

ಪಾಠದ ಉದ್ದೇಶ ಮತ್ತು ವಿಧಾನ

ವಿಷಯ: ಬೀಳುವ ವಸ್ತುವಿನ ಚಲನೆ. ಸೂತ್ರವನ್ನು ಬಾಯಿಪಾಠ ಮಾಡಿಸುವ ಬದಲು ಹಂತ ಹಂತವಾಗಿ ಲೆಕ್ಕ ಹಾಕಿಸುವುದು ಉದ್ದೇಶ. ಹಳೆಯ ಎತ್ತರದ ಮರದಿಂದ ತೆಂಗಿನಕಾಯಿ ಕಳಚಿ 2 ಸೆಕೆಂಡಿನಲ್ಲಿ ನೆಲ ಮುಟ್ಟಿತು ಎಂದುಕೊಳ್ಳಿ. ಅದು ಎಷ್ಟು ಎತ್ತರದಿಂದ ಬಿತ್ತು? ಗಾಳಿಯ ತಡೆಯನ್ನು ಬಿಟ್ಟು, ಗುರುತ್ವ ವೇಗೋತ್ಕರ್ಷವನ್ನು 10 ಎಂದು ಇಟ್ಟುಕೊಂಡೆವು. 2 ಸೆಕೆಂಡನ್ನು ಅರ್ಧ ಸೆಕೆಂಡಿನ ನಾಲ್ಕು ಹಂತಗಳಾಗಿ ಒಡೆದೆವು. ಪ್ರತಿ ಹಂತದಲ್ಲಿ ಎರಡೇ ಕೆಲಸ: ಆಗಿನ ವೇಗದಿಂದ ದೂರ ಕೂಡಿಸುವುದು, ಆಮೇಲೆ ವೇಗಕ್ಕೆ 5 ಕೂಡಿಸುವುದು.

ಹೀಗೆ ಮಾಡಿದರೆ ವೇಗಗಳು 0, 5, 10, 15. ಒಟ್ಟು ದೂರ 15 ಮೀಟರ್. ಹೆಚ್ಚಿನ ಗುಂಪುಗಳಿಗೆ ಇದೇ ಬಂತು. ಒಂದು ಗುಂಪಿಗೆ ಮಾತ್ರ 25 ಬಂತು. ಅವರ ಹಾಳೆಯ ಮೇಲೆ ನಾನು ಕೆಂಪು ಗೀಟು ಎಳೆದೆ.

ತಪ್ಪು ಯಾರದ್ದು?

ಸೂತ್ರ ಹಾಕಿದಾಗ ಉತ್ತರ 20 ಮೀಟರ್. 15 ಸರಿಯಲ್ಲ, 25 ಕೂಡ ಸರಿಯಲ್ಲ; ಆದರೆ ಎರಡೂ ಸಮನಾಗಿ 5 ಮೀಟರ್ ತಪ್ಪು! ಗೀಟು ಬಿದ್ದ ಗುಂಪಿನ ಹುಡುಗ ಎದ್ದು ಹೇಳಿದ: "ಟೀಚರ್, ನಾವು ಮೊದಲು ವೇಗ ಕೂಡಿಸಿದ್ದು, ಮತ್ತೆ ದೂರ." ಅವರ ವೇಗಗಳು 5, 10, 15, 20. ಲೆಕ್ಕದಲ್ಲಿ ದೋಷವಿರಲಿಲ್ಲ, ಸೂಚನೆಗಳ ಕ್ರಮ ಬದಲಾಗಿತ್ತು ಅಷ್ಟೆ. ಹಂತದ ಆರಂಭದ ವೇಗ ಹಿಡಿದರೆ ದೂರ ಕಡಿಮೆ ಬರುತ್ತದೆ, ಕೊನೆಯ ವೇಗ ಹಿಡಿದರೆ ಹೆಚ್ಚು ಬರುತ್ತದೆ. ವೇಗ ಸಮನಾಗಿ ಏರುವುದರಿಂದ ಎರಡರ ಸರಾಸರಿ ಹಿಡಿದರೆ ಸರಿಯಾಗಿ 20. ತರಗತಿಯ ಎದುರೇ ಆ ಗೀಟನ್ನು ಹೊಡೆದುಹಾಕಿ ಹುಡುಗರ ಕ್ಷಮೆ ಕೇಳಿದೆ.

ಮರುದಿನ ಕಂಪ್ಯೂಟರ್ ಕೋಣೆಯಲ್ಲಿ ಸ್ಪ್ರೆಡ್‌ಶೀಟಿನಲ್ಲಿ ಅದೇ ಲೆಕ್ಕ ಮಾಡಿದೆವು. ಹಂತವನ್ನು 0.1 ಸೆಕೆಂಡಿಗೆ ಇಳಿಸಿದಾಗ 15 ಇದ್ದದ್ದು 19 ಆಯಿತು, 0.01ಕ್ಕೆ ಇಳಿಸಿದಾಗ 19.9. ಹಂತ ಹತ್ತು ಪಟ್ಟು ಚಿಕ್ಕದಾದರೆ ತಪ್ಪೂ ಹತ್ತು ಪಟ್ಟು ಚಿಕ್ಕದಾಗುತ್ತದೆ ಎಂದು ಮಕ್ಕಳೇ ಹೇಳಿದರು. ಪ್ರೋಗ್ರಾಮಿಂಗ್‌ನಲ್ಲಿ ಲೂಪ್ ಎನ್ನುವುದು ಇದನ್ನೇ: ಒಂದೇ ಸೂಚನೆಯನ್ನು ಮತ್ತೆ ಮತ್ತೆ, ಕ್ರಮ ತಪ್ಪದೆ ನಡೆಸುವುದು.

ಈ ದಾರಿಯಲ್ಲಿ ನಡೆದವರು

ವಿಜ್ಞಾನದಿಂದ ಸಾಫ್ಟ್‌ವೇರಿಗೆ ಹೋದವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಕಿನ್ನಿಕಂಬಳದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸದಿಂದ ಇಂದು ನಾವು ಕನ್ನಡ ಟೈಪ್ ಮಾಡುತ್ತೇವೆ. ಭಾಭಾ ಅಣು ಸಂಶೋಧನಾ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು.ಬಿ. ಪವನಜ ಅವರು ಕನ್ನಡ ತಂತ್ರಾಂಶದ ಕೆಲಸಕ್ಕೆ ಬಂದು, ಮಕ್ಕಳು ಕನ್ನಡದಲ್ಲೇ ಆಜ್ಞೆ ಕೊಡಬಹುದಾದ ಕನ್ನಡ ಲೋಗೋ ಸಿದ್ಧಪಡಿಸಿದರು. ಹೊರಗಿನ ಉದಾಹರಣೆ ಬೇಕಿದ್ದರೆ, 1989ರಲ್ಲಿ ವೆಬ್‌ನ ಪ್ರಸ್ತಾವ ಮುಂದಿಟ್ಟ ಟಿಮ್ ಬರ್ನರ್ಸ್-ಲೀ ಓದಿದ್ದು ಭೌತವಿಜ್ಞಾನ. 2001ರಲ್ಲಿ ಭೌತವಿಜ್ಞಾನದ ನೊಬೆಲ್ ಪಡೆದ ಕಾರ್ಲ್ ವೀಮನ್ ಮರುವರ್ಷ ಬೋಧನೆಗಾಗಿ ಫೆಟ್ ಸಿಮ್ಯುಲೇಶನ್ ಯೋಜನೆ ಆರಂಭಿಸಿದರು. ನಾವು ತರಗತಿಯಲ್ಲಿ ತೋರಿಸುವುದು ಅದನ್ನೇ.

ಇದರಲ್ಲಿ ಕೊನೆಯದು ನನಗೆ ಹೆಚ್ಚು ಹತ್ತಿರ. ಬೋಧನೆಯನ್ನು ಬಿಟ್ಟು ಹೋದ ದಾರಿ ಅದಲ್ಲ, ಬೋಧನೆಯಿಂದಲೇ ಹೊರಟ ದಾರಿ. ಕಲಿಯುವವ ಎಲ್ಲಿ ಎಡವುತ್ತಾನೆ ಎಂದು ತಿಳಿದವರಿಗಷ್ಟೇ ಅಂಥ ಸಾಫ್ಟ್‌ವೇರ್ ಮಾಡಲು ಸಾಧ್ಯ.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಹೋಗಲು ಮನಸ್ಸಿರುವವರಿಗೆ ಬಾಗಿಲು ಮುಚ್ಚಿಲ್ಲ. ಪಿಯುಸಿಯಲ್ಲಿ ಅಥವಾ ಪದವಿಯಲ್ಲಿ ಗಣಿತ ಓದಿದವರು ಪಿಜಿಸಿಇಟಿ ಬರೆದು ಎಂ.ಸಿ.ಎ. ಸೇರಬಹುದು, ಅದು ಈಗ 2 ವರ್ಷದ ಕೋರ್ಸ್. ಅದಕ್ಕೆ ಮೊದಲು ಸ್ವಯಂ, ಎನ್‌ಪಿಟಿಇಎಲ್ ಪಾಠಗಳನ್ನು ಖರ್ಚಿಲ್ಲದೆ ಕೇಳಿ ನೋಡಬಹುದು. ಭೌತವಿಜ್ಞಾನ ನಮಗೆ ಮಾದರಿ ಕಟ್ಟುವುದನ್ನು ಕಲಿಸಿದೆ, ಅಭ್ಯಾಸ ಬೋಧನೆ ಸೂಚನೆಯನ್ನು ಸ್ಪಷ್ಟವಾಗಿ ಕೊಡುವುದನ್ನು ಕಲಿಸಿದೆ. ಪ್ರೋಗ್ರಾಮಿಂಗ್ ಭಾಷೆಯನ್ನು ಮಾತ್ರ ನಾವು ಬೇರೆಯಾಗಿ ಕೂತು ಕಲಿಯಬೇಕು. ಮೇಲಿನ ಎರಡು ಅದಕ್ಕೆ ಬದಲಿಯಲ್ಲ.

ಉಳಿಯುವವರಿಗೂ ಒಂದು ಮಾತು: ತಪ್ಪು ಉತ್ತರಕ್ಕೆ ಗೀಟು ಎಳೆಯುವ ಮೊದಲು, ಅದು ಯಾವ ಕ್ರಮದಲ್ಲಿ ಬಂತು ಎಂದು ಕೇಳೋಣ. ಪ್ರೋಗ್ರಾಮರ್ ದೋಷ ಹುಡುಕುವುದೂ ಹಾಗೆಯೇ.

ಅಭ್ಯಾಸ ಬೋಧನೆಯ ಕೊನೆಯ ದಿನ ಆ ಹುಡುಗಿಗೆ ಉತ್ತರ ಹೇಳಿದೆ: "ಇನ್ನೂ ನಿರ್ಧಾರ ಮಾಡಿಲ್ಲ ಮಾರಾಯ್ತಿ. ಹೋದರೂ ನಿಮ್ಮ 25ರ ಲೆಕ್ಕ ನನ್ನ ಜೊತೆ ಬರುತ್ತದೆ." ಅವಳು ಕೂಡಲೇ ತಿದ್ದಿದಳು: "ಅದು ನಮ್ಮ ಗುಂಪಿನದ್ದಲ್ಲ ಟೀಚರ್, ನಮ್ಮದು 15."