ಹಿಂಡಿಟ್ಟ ಹಾಲೂ ನಿಮ್ಮ ಹಾಲೇ

ಪ್ರಶ್ನೆ: ಅಕ್ಕಾ, ನಮ್ಮದು ಹುಕ್ಕೇರಿ ತಾಲ್ಲೂಕಿನ ಕಣಗಲಾ. ನಿಪ್ಪಾಣಿಯ ಒಂದು ಪತಸಂಸ್ಥೆಯಲ್ಲಿ ಕ್ಲರ್ಕ್ ಇದ್ದೇನೆ. ಚೊಚ್ಚಲ ಮಗಳಿಗೆ ಈಗ ನಾಲ್ಕು ತಿಂಗಳು ತುಂಬಿದೆ. ಕಾಲು ಬಾತಿದ್ದರಿಂದ ಹೆರಿಗೆಗೆ ಎಂಟು ವಾರ ಮೊದಲೇ ರಜೆ ತೆಗೆದುಕೊಂಡಿದ್ದೆ. ಬರುವ ಸೋಮವಾರ ಕೆಲಸಕ್ಕೆ ಹೋಗಬೇಕು. ಬೆಳಿಗ್ಗೆ ಒಂಬತ್ತಕ್ಕೆ ಮನೆ ಬಿಟ್ಟರೆ ಬರುವುದು ಸಂಜೆ ಆರೂವರೆಗೆ. ಪಂಪಿನಿಂದ ಹಾಲು ತೆಗೆದಿಟ್ಟು ಹೋಗಬೇಕೆಂದು ಮಾಡಿದ್ದೇನೆ. ನೆಗೆಣ್ಣಿ ಮನೆಯಲ್ಲೇ ಇದ್ದು ತನ್ನ ಮಗನಿಗೆ ಮೊಲೆ ಕುಡಿಸುತ್ತಾಳೆ. ‘ಎಮ್ಮಿ ಹಿಂಡಿದಂಗ ಹಿಂಡಿಟ್ಟು ಹೋದ್ರ ಕೂಸು ನಿನ್ನ ಗುರ್ತ ಹಿಡೀತೈತೇನ?’ ಎನ್ನುತ್ತಾಳೆ. ‘ಹಿಂಡಿದ ಹಾಲು ಚೆಲ್ಲೂ ಹಾಲು. ಆಕಳ ಹಾಲಿಗೆ ನೀರು ಹಾಕಿ ನಾ ಕುಡಸ್ತೀನಿ’ ಎನ್ನುತ್ತಾರೆ ಅತ್ತೆ. ಅವರು ಹರೆಯದಲ್ಲಿ ನಿಪ್ಪಾಣಿಯ ತಂಬಾಕು ಕಾರ್ಖಾನೆಯಲ್ಲಿ ದುಡಿದವರು. ಪುಣೆಯಲ್ಲಿರುವ ಗೆಳತಿಯ ಮಗು ಎಂಟು ತಿಂಗಳಿಗೇ ಹುಟ್ಟಿತ್ತು. ಅವಳು ಪೂರ್ತಿ ಪಂಪಿನಿಂದಲೇ ಸಾಕುತ್ತಿದ್ದಾಳೆ, ‘ಎಷ್ಟು ಎಂ.ಎಲ್. ಕುಡೀತು ಅಂತ ಲೆಕ್ಕ ಸಿಗ್ತದ, ಇದs ಚೊಲೊ’ ಎನ್ನುತ್ತಾಳೆ. ಮೊನ್ನೆ ಮಗಳು ಕುಡಿದು ಮಲಗಿದ ಮೇಲೆ ಪಂಪು ಹಚ್ಚಿದೆ. ಬಂದದ್ದು ಬರೀ 40 ಎಂ.ಎಲ್. ಕೂತು ಅತ್ತುಬಿಟ್ಟೆ. ಯಾರ ಮಾತು ಕೇಳಲಿ?

ಉತ್ತರ: ತಂಗಿ, ಮೊದಲು ಆ 40 ಎಂ.ಎಲ್. ಮಾತು. ಮಗಳು ಹೊಟ್ಟೆ ತುಂಬ ಕುಡಿದ ಮೇಲೆ, ಮೊದಲ ಸಲ ಪಂಪು ಹಚ್ಚಿದಾಗಲೇ ಅಷ್ಟು ಬಂದಿದೆ ಎಂದರೆ ನಿಮ್ಮಲ್ಲಿ ಹಾಲು ಚೆನ್ನಾಗಿದೆ. ಅಳುವ ಕಾರಣವೇ ಇಲ್ಲ. ಕೂಸಿನ ಬಾಯಿ ಎಳೆದಷ್ಟು ಹಾಲನ್ನು ಯಂತ್ರ ಎಳೆಯಲಾರದು. ಹಾಲು ಇಳಿಯಬೇಕಾದರೆ ತಾಯಿಯ ಮಿದುಳಿನಿಂದ ಆಕ್ಸಿಟೋಸಿನ್ ಎಂಬ ರಸ ಹರಿಯಬೇಕು. ಕೂಸಿನ ಸ್ಪರ್ಶ, ವಾಸನೆ, ಅಳುವಿನ ಸದ್ದಿಗೆ ಅದು ಹರಿಯುತ್ತದೆ. ಹೆದರಿಕೆ, ಅವಮಾನಗಳಿಗೆ ತಡೆಯುತ್ತದೆ. ‘ಬರ್ತದೋ ಇಲ್ಲೋ’ ಎಂದು ಅಳತೆಯ ಗೆರೆ ನೋಡುತ್ತ ಕುಳಿತವರಿಗೆ ಕಡಿಮೆಯೇ ಬರುತ್ತದೆ. ಮಗಳಿಗೆ ಹಾಲು ಸಾಲುತ್ತಿದೆಯೇ ಎಂಬುದನ್ನು ಪಂಪಿನ ಬಾಟಲಿಯಲ್ಲಿ ಹುಡುಕಬೇಡಿ. ದಿನಕ್ಕೆ ಆರು ಸಲಕ್ಕೂ ಹೆಚ್ಚು ಉಚ್ಚೆ ಹೊಯ್ಯುತ್ತಿದ್ದರೆ, ಅಂಗನವಾಡಿಯಲ್ಲಿ ತೂಗಿದಾಗ ತೂಕ ಏರುತ್ತಿದ್ದರೆ ಸಾಲುತ್ತಿದೆ ಎಂದೇ ಅರ್ಥ.

ಇನ್ನು ನಿಮ್ಮ ಅತ್ತೆಯವರ ಮಾತು. ನಿಮ್ಮ ಪತ್ರದಲ್ಲಿ ನನ್ನನ್ನು ಹಿಡಿದು ನಿಲ್ಲಿಸಿದ್ದು ಅದೇ. ಹಿಂಡಿದ ಹಾಲು ಚೆಲ್ಲುವ ಹಾಲು ಎಂದು ಅವರು ಸುಮ್ಮನೆ ಹೇಳುತ್ತಿಲ್ಲ. ಹಸಿ ಬಾಣಂತಿಯಾಗಿ ಕೆಲಸಕ್ಕೆ ಹೋದವರಿಗೆ ಮಧ್ಯಾಹ್ನದ ಹೊತ್ತಿಗೆ ಎದೆ ಕಲ್ಲಾಗುತ್ತದೆ, ಸೀರೆ ತೊಯ್ಯುತ್ತದೆ. ಆಗ ಮರೆಗೆ ಹೋಗಿ ಗೋಡೆಗೆ ಹಿಂಡಿ ಬರುವುದೊಂದೇ ಅವರಿಗಿದ್ದ ದಾರಿ. ತೆಗೆದಿಡಲು ಪಾತ್ರೆ, ತಂಪು ಜಾಗ, ಪುರುಸೊತ್ತು ಯಾವುದೂ ಇರಲಿಲ್ಲ. ಮನೆಗೆ ಬಂದರೆ ‘ಬಿಸಿಲಾಗಿಂದ ಬಂದೀ, ಎದಿಯಾಗಿನ ಹಾಲು ಕಾದಿರ್ತದ, ಮೊದಲ ನಾಕು ಹನಿ ಚೆಲ್ಲು’ ಎಂಬ ಹಿರಿಯರ ಮಾತು ಬೇರೆ. ಆ ತಂಬಾಕು ಕಾರ್ಖಾನೆಗಳ ಹೆಣ್ಣುಮಕ್ಕಳು ಎಂಥ ದುಡಿಮೆ ದುಡಿದರು, ಹೇಗೆ ಸಂಘ ಕಟ್ಟಿ ಎದ್ದು ನಿಂತರು ಎಂಬುದು 1982ರಲ್ಲಿ ‘ತಂಬಾಕು ಚಾಕಿಲಾ ಊಬ್ ಆಲಿ’ ಎಂಬ ಚಿತ್ರವೇ ಆಗಿದೆ. ಕೂಸಿಗೆ ಹಾಲುಣಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕೆಂಬುದು 1961ರ ಹೆರಿಗೆ ಸೌಲಭ್ಯ ಕಾಯ್ದೆಯಲ್ಲಿ ಆಗಲೇ ಇತ್ತು. ನಿಮ್ಮ ಅತ್ತೆಗೆ ಅದನ್ನು ಯಾರಾದರೂ ಹೇಳಿದ್ದರೇ? ಅವರೊಡನೆ ವಾದಕ್ಕೆ ಇಳಿಯುವ ಮೊದಲು ಒಮ್ಮೆ ಪಕ್ಕದಲ್ಲಿ ಕುಳಿತು ‘ಅತ್ತಿ, ಆಗ ನೀವ ಹೆಂಗ ಮಾಡತಿದ್ರಿ?’ ಎಂದು ಕೇಳಿ.

ಕೇಳಿದ ಮೇಲೆ ಹೇಳಿ. ಎದೆಯೊಳಗಿನ ಹಾಲು ಬಿಸಿಲಿಗೆ ಕಾಯುವುದಿಲ್ಲ, ಎಷ್ಟು ಹೊತ್ತು ನಿಂತರೂ ಒಳಗೆ ಕೆಡುವುದಿಲ್ಲ. ಹಿಂಡಿ ತೆಗೆದ ಹಾಲಿಗೆ ಸತ್ವವಿಲ್ಲ ಎಂಬುದೂ ನಿಜವಲ್ಲ. ಅವಧಿಗೆ ಮೊದಲೇ ಹುಟ್ಟಿ, ಮೊಲೆ ಚೀಪುವ ತ್ರಾಣವೂ ಇಲ್ಲದ ಕೂಸುಗಳು ಉಳಿಯುವುದೇ ಹಿಂಡಿದ ಹಾಲಿನಿಂದ. ಮುಂಬೈಯ ಸಯನ್ ಆಸ್ಪತ್ರೆಯಲ್ಲಿ ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಏಷ್ಯಾದ ಮೊದಲ ಎದೆಹಾಲಿನ ಬ್ಯಾಂಕ್ ತೆರೆದರು. ನಮ್ಮ ಬೆಂಗಳೂರಿನ ವಾಣಿ ವಿಲಾಸ ಆಸ್ಪತ್ರೆಯಲ್ಲಿ 2022ರಿಂದ ‘ಅಮೃತಧಾರೆ’ ನಡೆಯುತ್ತಿದೆ. ಅಲ್ಲಿ ಒಬ್ಬ ತಾಯಿ ತೆಗೆದುಕೊಟ್ಟ ಹಾಲು ಇನ್ನೊಬ್ಬ ತಾಯಿಯ ಕೂಸನ್ನು ಬದುಕಿಸುತ್ತದೆ. ನಿಮ್ಮದು ನಿಮ್ಮ ಮಗಳಿಗೇ ಹೋಗುವ ಹಾಲು.

ಆಕಳ ಹಾಲಿಗೆ ನೀರು ಬೆರೆಸುವುದಂತೂ ಬೇಡವೇ ಬೇಡ. ವರ್ಷ ತುಂಬುವವರೆಗೆ ಎದೆಹಾಲಿನ ಬದಲಿಗೆ ಆಕಳ ಹಾಲು ಕೊಡಬಾರದು. ಅದರಲ್ಲಿರುವ ಪ್ರೋಟೀನ್ ಮತ್ತು ಲವಣ ಎಳೆ ಮೂತ್ರಪಿಂಡಕ್ಕೆ ಭಾರ, ಕಬ್ಬಿಣದ ಅಂಶವೋ ತೀರ ಕಡಿಮೆ. ನೀರು ಬೆರೆಸಿದರೆ ಇದ್ದ ಸತ್ವವೂ ತೆಳುವಾಗುತ್ತದೆ.

ಗೆಳತಿಯ ಮಾತಿಗೂ ಬೇರು ಇದೆ. ಎಂಟು ತಿಂಗಳಿಗೆ ಹುಟ್ಟಿದ ಮಗುವಿಗೆ ಪಂಪೇ ದಾರಿಯಾಗಿದ್ದಿರಬೇಕು. ಅವಳು ಮಾಡಿದ್ದು ದೊಡ್ಡ ಕೆಲಸ. ಆದರೆ ಅವಳ ದಾರಿ ನಿಮಗೆ ಬೇಕಿಲ್ಲ. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಗಟ್ಟಿ: ಮನೆಯಲ್ಲಿದ್ದಷ್ಟು ಹೊತ್ತೂ ಮೊಲೆ, ಮನೆ ಬಿಟ್ಟ ಹೊತ್ತಿಗೆ ಮಾತ್ರ ಪಂಪು. ಕೆನಡಾದಲ್ಲಿ ಮೂರು ಸಾವಿರಕ್ಕೂ ಹೆಚ್ಚು ಮಕ್ಕಳನ್ನು ಹುಟ್ಟಿನಿಂದಲೂ ನೋಡುತ್ತ ಬಂದ ‘ಚೈಲ್ಡ್’ ಅಧ್ಯಯನದಲ್ಲಿ ಉಬ್ಬಸದ ವಿಷಯದಲ್ಲಾಗಲಿ, ಮಿತಿಮೀರಿ ತೂಕ ಏರುವ ವಿಷಯದಲ್ಲಾಗಲಿ ನೇರ ಮೊಲೆ ಕುಡಿದ ಮಕ್ಕಳೇ ಮುಂದೆ ಇದ್ದರು. ಹಿಂಡಿದ ಹಾಲು ಕುಡಿದವರು ನಡುವೆ, ಡಬ್ಬಿ ಹಾಲಿನವರು ಹಿಂದೆ. ಹಾಗಾಗಿ ನಿಮ್ಮ ನೆಗೆಣ್ಣಿ ಮಾಡುತ್ತಿರುವುದು ಒಳ್ಳೆಯದೇ. ಆಕೆ ನಿಮಗೆ ಹೇಳಿದ್ದು ಮಾತ್ರ ತಪ್ಪು. ದಿನಕ್ಕೆ ಒಂಬತ್ತೂವರೆ ತಾಸು ದೂರವಿದ್ದ ಮಾತ್ರಕ್ಕೆ ಕೂಸು ಹೆತ್ತವ್ವನನ್ನು ಮರೆಯುವುದಿಲ್ಲ. ಉಳಿದ ಹದಿನಾಲ್ಕೂವರೆ ತಾಸು ನೀವು ಅದರ ಮಗ್ಗುಲಲ್ಲೇ ಇರುತ್ತೀರಲ್ಲ!

ನಿಮ್ಮ ರಜೆಯ ಲೆಕ್ಕವನ್ನೂ ನೋಡಿದೆ. 2017ರ ತಿದ್ದುಪಡಿಯಿಂದ ಮೊದಲ ಎರಡು ಮಕ್ಕಳಿಗೆ 26 ವಾರ ಸಂಬಳದ ರಜೆ ಸಿಗುತ್ತದೆ. ಅದು ಸರಿಯಾಗಿ ಆರು ತಿಂಗಳು. ಬರೀ ಎದೆಹಾಲು ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಅವಧಿಯೂ ಆರು ತಿಂಗಳು. ಆದರೆ ಕಾಲು ಬಾತ ಬಸುರಿ ಎಂಟು ವಾರ ಮೊದಲೇ ರಜೆ ಹಿಡಿದರೆ ಕೂಸಿನ ಪಾಲಿಗೆ ಉಳಿಯುವುದು 18 ವಾರ. ನಿಮಗೆ ಕಡಿಮೆ ಬಿದ್ದಿರುವುದು ಆ ಎಂಟು ವಾರ ಮಾತ್ರ. ಆಮೇಲೆ ಮಗಳು ರಾಗಿ ಗಂಜಿ, ಹಿಚುಕಿದ ಅನ್ನ-ಬೇಳೆ ಶುರು ಮಾಡುತ್ತಾಳೆ, ಹಗಲಿನ ಹಾಲಿನ ಒತ್ತಡ ತಾನಾಗಿ ಇಳಿಯುತ್ತದೆ. ಎರಡು ವರ್ಷದವರೆಗೂ ಬೆಳಿಗ್ಗೆ, ಸಂಜೆ, ರಾತ್ರಿ ಕುಡಿಸುತ್ತಲೇ ಇರಬಹುದು.

ಈ ಎಂಟು ವಾರಕ್ಕೆ ಎಷ್ಟು ಹಾಲು ಬೇಕು? ಒಂದರಿಂದ ಆರು ತಿಂಗಳವರೆಗಿನ ಕೂಸು ಇಡೀ ದಿನಕ್ಕೆ ಸರಾಸರಿ 750 ಎಂ.ಎಲ್. ಕುಡಿಯುತ್ತದೆ. ನೀವಿಲ್ಲದ ಒಂಬತ್ತೂವರೆ ತಾಸಿಗೆ ಸುಮಾರು 300 ಎಂ.ಎಲ್. ಸಾಕು. ಬೆಳಗಿನ ಜಾವ ಹಾಲು ಹೆಚ್ಚಿರುತ್ತದೆ. ಮಗಳು ಒಂದು ಬದಿ ಕುಡಿಯುವಾಗ ಇನ್ನೊಂದು ಬದಿಗೆ ಪಂಪು ಹಚ್ಚಿ. ಹೊರಡುವ ಮುಂಚೆ ಒಮ್ಮೆ ಹೊಟ್ಟೆ ತುಂಬ ಕುಡಿಸಿ. ಆಫೀಸಿನಲ್ಲಿ ಎರಡು ಸಲ ತೆಗೆಯಲೇಬೇಕು, ಇದನ್ನು ಬಿಡಬೇಡಿ. ಎದೆ ಬರಿದಾದಷ್ಟೂ ಹೊಸ ಹಾಲು ಹುಟ್ಟುತ್ತದೆ, ತುಂಬಿ ನಿಂತರೆ ಹುಟ್ಟುವುದು ತಗ್ಗುತ್ತದೆ. ಬೇಡವೆಂದು ಬಿಗಿದುಕೊಂಡು ಕೂತರೆ ಎದೆ ಗಡ್ಡೆಕಟ್ಟಿ ಜ್ವರವೂ ಬಂದೀತು. ಎದೆ ಕೆಂಪಾಗಿ ನೋವಿನ ಜೊತೆ ಚಳಿಜ್ವರ ಬಂದರೆ ಕುಡಿಸುವುದನ್ನು ನಿಲ್ಲಿಸದೆ ಅದೇ ದಿನ ಡಾಕ್ಟರರಿಗೆ ತೋರಿಸಿ.

ಕರೆಂಟು ಕೈಕೊಟ್ಟ ದಿನಕ್ಕೆ ಕೈಯಿಂದ ತೆಗೆಯುವುದನ್ನೂ ರೂಢಿಸಿಕೊಳ್ಳಿ. ಕೈ ತೊಳೆದು, ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಎದೆಯ ಮೇಲೆ ಸ್ವಲ್ಪ ಹೊತ್ತು ಇಟ್ಟು, ಮೆಲ್ಲಗೆ ತಿಕ್ಕಿ. ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗದ ಹಿಂದೆ ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ ಇಟ್ಟು ಮೊದಲು ಎದೆಗೂಡಿನ ಕಡೆಗೆ ಒತ್ತಬೇಕು, ಆಮೇಲೆ ಎರಡೂ ಬೆರಳು ಕೂಡಿಸಬೇಕು. ತೊಟ್ಟನ್ನು ಎಳೆಯಬಾರದು. ಊರಿನ ಆಶಾ ಕಾರ್ಯಕರ್ತೆಗೆ ಇದು ಗೊತ್ತಿರುತ್ತದೆ, ಕರೆದು ತೋರಿಸಿಕೊಳ್ಳಿ. ಪತ್ರ ಓದಿ ಕಲಿಯುವುದಕ್ಕಿಂತ ಕಣ್ಣಾರೆ ನೋಡಿ ಕಲಿಯುವುದು ಸುಲಭ.

ತೆಗೆದ ಹಾಲು ಮುಚ್ಚಳವಿರುವ ಸ್ಟೀಲ್ ಡಬ್ಬಿಯಲ್ಲಿ ಫ್ರಿಜ್ಜಿನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಹೊರಗೆ 25 ಡಿಗ್ರಿಯೊಳಗಿನ ತಂಪಿನಲ್ಲಿ ನಾಲ್ಕು ತಾಸು, ನಮ್ಮ ಕಡೆಯ ಬೇಸಿಗೆಗೆ ಅಷ್ಟೂ ಇಲ್ಲ. ಆಫೀಸಿನಲ್ಲಿ ಫ್ರಿಜ್ ಇಲ್ಲವಾದರೆ ಅಗಲ ಬಾಯಿಯ ಫ್ಲಾಸ್ಕಿನಲ್ಲಿ ಮಂಜುಗಡ್ಡೆ ತುಂಬಿ ಅದರಲ್ಲಿ ಡಬ್ಬಿ ಇಟ್ಟುಕೊಂಡು ತವಂದಿ ಘಾಟ್ ದಾಟಿ ಮನೆಗೆ ತನ್ನಿ. ಮೇಲೆ ಕೆನೆ ಕಟ್ಟಿದ್ದು ಕಂಡರೆ ಅದು ಕೆಟ್ಟದ್ದಲ್ಲ, ಮೆಲ್ಲಗೆ ಅಲುಗಾಡಿಸಿದರೆ ಬೆರೆಯುತ್ತದೆ. ಅತ್ತೆಯವರಿಗೆ ಒಂದು ಮಾತು ಒತ್ತಿ ಹೇಳಬೇಕು. ಹಾಲು ಕಂಡರೆ ಒಲೆಗಿಡುವುದು ನಮ್ಮ ಹೆಂಗಸರ ಕೈರೂಢಿ. ಎದೆಹಾಲನ್ನು ಕಾಯಿಸಬಾರದು. ಡಬ್ಬಿಯನ್ನು ಬಿಸಿನೀರಿನ ಬಟ್ಟಲಲ್ಲಿ ಇಟ್ಟು ತಣುಪು ಆರಿಸಿದರೆ ಸಾಕು. ಮಗಳು ಬಾಯಿ ಹಚ್ಚಿ ಉಳಿಸಿದ್ದನ್ನು ಎರಡು ತಾಸಿನ ಮೇಲೆ ಇಡಬಾರದು.

ಬಾಟಲಿ ಕೊಳ್ಳಬೇಡಿ. ರಬ್ಬರಿನ ತೊಟ್ಟಿಗೆ ರೂಢಿಬಿದ್ದ ಕೂಸು ಮೊಲೆ ಒಲ್ಲೆ ಎನ್ನಬಹುದು. ಬಾಟಲಿಯ ಮೂಲೆಗಳಲ್ಲಿ ಹಾಲು ನಿಂತು ಭೇದಿ ಬರಿಸುತ್ತದೆ. ಹಾಲಿನ ಪುಡಿ ಮತ್ತು ಹಾಲೂಡಿಸುವ ಬಾಟಲಿಗಳ ಜಾಹೀರಾತನ್ನೇ ನಮ್ಮ ದೇಶ 1992ರ ಕಾಯ್ದೆಯಲ್ಲಿ ನಿಷೇಧಿಸಿದೆ. ಮನೆಯಲ್ಲಿ ಹಳೆಯ ಒಳಲೆ ಇರಬಹುದು, ಹುಡುಕಿಸಿ. ಒಳಲೆಯಲ್ಲಿ ಹಾಲು ಹಾಕುವುದು ಅತ್ತೆಯವರ ಕೈಗೆ ಬಂದ ವಿದ್ಯೆ, ಆ ಕೆಲಸವನ್ನು ಅವರಿಗೇ ಒಪ್ಪಿಸಿ. ಅವರು ಚೆಲ್ಲಬೇಕಾಗಿ ಬಂದ ಹಾಲನ್ನು ಮೊಮ್ಮಗಳಿಗೆ ತಮ್ಮ ಕೈಯಾರೆ ಕುಡಿಸಲಿ. ಭಾನುವಾರವೇ ನೀವು ಇನ್ನೊಂದು ಕೋಣೆಯಲ್ಲಿದ್ದು ಒಮ್ಮೆ ಕುಡಿಸಿ ನೋಡಲು ಹೇಳಿ. ತಾಯಿ ಎದುರಿಗಿದ್ದರೆ ಕೂಸು ಒಳಲೆಗೆ ಬಾಯಿ ತೆರೆಯುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಒಂದು ದಿನ ಹಾಲು ಸಾಲದೆ ಹೋದರೆ ಮಕ್ಕಳ ಡಾಕ್ಟರರನ್ನು ಕೇಳಿ ಒಂದು ಹೊತ್ತು ಡಬ್ಬಿ ಹಾಲು ಕೊಟ್ಟರೆ ಪಾಪವೇನೂ ತಟ್ಟುವುದಿಲ್ಲ. ಮರುದಿನ ಮತ್ತೆ ನಿಮ್ಮ ಹಾಲಿಗೇ ಬನ್ನಿ.

ಇನ್ನು ನಿಮ್ಮ ಆಫೀಸು. 50 ಜನಕ್ಕಿಂತ ಕಡಿಮೆ ಇದ್ದರೆ ಶಿಶುಪಾಲನಾ ಕೇಂದ್ರ ಕೇಳಲಾಗದು. ಆದರೆ ಮಗುವಿಗೆ 15 ತಿಂಗಳಾಗುವವರೆಗೆ ಊಟದ ಬಿಡುವಿನ ಹೊರತಾಗಿ ದಿನಕ್ಕೆ ಎರಡು ಬಿಡುವು ಹತ್ತು ಜನ ದುಡಿಯುವ ಸಂಸ್ಥೆಯಲ್ಲೂ ನಿಮ್ಮ ಹಕ್ಕು. 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಅದು ಉಳಿದಿದೆ. ಎದೆಹಾಲುಣಿಸುವುದು ತಾಯಿಗೆ ಸಂವಿಧಾನದ 21ನೇ ವಿಧಿ ಕೊಟ್ಟ ಹಕ್ಕು ಎಂದು ನಮ್ಮ ಹೈಕೋರ್ಟೇ 2021ರಲ್ಲಿ ಹೇಳಿದೆ. ಸೋಮವಾರ ಹೋದ ಕೂಡಲೇ ಮ್ಯಾನೇಜರರಿಗೆ ಒಂದು ಅರ್ಜಿ ಬರೆದುಕೊಡಿ: ಎರಡು ಬಿಡುವು ಬೇಕು, ಬಾಗಿಲು ಹಾಕಿಕೊಳ್ಳುವ ಜಾಗ ಬೇಕು. ನಾಚಿಕೆಪಟ್ಟು ಪಾಯಖಾನೆಗೆ ಹೋಗಿ ತೆಗೆಯಬೇಡಿ. ಅಲ್ಲಿ ಕುಳಿತು ಯಾರೂ ಊಟ ಮಾಡುವುದಿಲ್ಲ, ಇದು ನಿಮ್ಮ ಮಗಳ ಊಟ.

ಈ ಅಂಕಣ ಓದುವ ಪತಸಂಸ್ಥೆ, ಶಾಲೆ, ಕಾರ್ಖಾನೆಗಳ ಆಡಳಿತ ಮಂಡಳಿಯವರಲ್ಲಿ ನನ್ನದೊಂದು ಬೇಡಿಕೆ. ಮನೆಯ ಹೆಣ್ಣುಮಕ್ಕಳು ಮೊಲೆಯೋ ಪಂಪೋ ಎಂದು ಒಬ್ಬರಿಗೊಬ್ಬರು ಮುನಿಸಿಕೊಳ್ಳುತ್ತಿರುವುದು ನೀವು ಕೊಡಬೇಕಾದ ಹೊತ್ತು ಕೊಡದಿರುವುದರಿಂದ. ರಿಕಾರ್ಡು ಇಡುವ ಕೋಣೆಯೇ ಆದರೂ ಸರಿ, ಒಳಗಿನಿಂದ ಚಿಲಕ ಹಾಕಿಸಿ, ಒಂದು ಕುರ್ಚಿ ಮತ್ತು ಕೈ ತೊಳೆಯಲು ನೀರು ಇಡಿಸಿ, ಬಾಣಂತಿ ಕೆಲಸಕ್ಕೆ ಮರಳುವ ಮೊದಲೇ ಅದು ಸಿದ್ಧವಿರಲಿ.