ಕುದುರೆ ಥೆರಪಿ: ಮಗುವನ್ನು ಹತ್ತಿಸುವ ಮೊದಲು

ಕುದುರೆ ಮೇಲೆ ಕೂರಿಸಿದರೆ ನಡೆಯಲಾಗದ ಮಗುವೂ ನಡೆಯುತ್ತದಂತೆ ಎಂಬ ಮಾತು ಮೊಬೈಲ್ ವಿಡಿಯೊಗಳ ಮೂಲಕ ನಮ್ಮ ಬಾಗಲಕೋಟೆ ಜಿಲ್ಲೆಯ ಊರುಗಳಿಗೂ ಬಂದಿದೆ. ಅಂಥ ಪವಾಡವೇನೂ ಇಲ್ಲ. ಕುದುರೆ ನಿಮಿಷಕ್ಕೆ ಸುಮಾರು 100 ಹೆಜ್ಜೆ ಹಾಕುತ್ತದೆ. ಪ್ರತಿ ಹೆಜ್ಜೆಗೂ ಮಗುವಿನ ಸೊಂಟ, ನಾವು ನಡೆಯುವಾಗಿನಂತೆಯೇ, ಹಿಂದೆ ಮುಂದೆ, ಎಡಕ್ಕೆ ಬಲಕ್ಕೆ, ಮೇಲೆ ಕೆಳಗೆ ಅಲುಗುತ್ತದೆ. ಬೀಳದಂತೆ ಸಾವರಿಸಿಕೊಳ್ಳುತ್ತಲೇ ಬೆನ್ನು, ಹೊಟ್ಟೆ, ಕತ್ತಿನ ಸ್ನಾಯುಗಳು ಕೆಲಸ ಕಲಿಯುತ್ತವೆ. ಕೂರುವುದು ಗಟ್ಟಿಯಾದರೆ ಕೈ ಬಿಡುವಾಗುತ್ತದೆ: ರೊಟ್ಟಿ ಮುರಿಯಲು, ಅಂಗಿ ಗುಂಡಿ ಹಾಕಲು. ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಗೆ ಬೇಕಾದದ್ದು ಇದೇ. ಸಂಶೋಧನೆಯಲ್ಲಿ ಹೆಚ್ಚು ಆಧಾರ ಸಿಕ್ಕಿರುವುದೂ ಸೆರೆಬ್ರಲ್ ಪಾಲ್ಸಿ ಮಕ್ಕಳ ಸಮತೋಲನದ ವಿಷಯದಲ್ಲಿ.

ಮೊದಲು ಬಾಗಲಕೋಟೆ ಜಿಲ್ಲಾ ಆಸ್ಪತ್ರೆಗೆ ಹೋಗಿ, ಶೀಘ್ರ ಮಧ್ಯಸ್ಥಿಕೆ ಕೇಂದ್ರ (ಡಿಇಐಸಿ) ಎಲ್ಲಿದೆ ಎಂದು ವಿಚಾರಿಸಿ. ಅಂಗನವಾಡಿ, ಶಾಲೆಗಳಿಗೆ ಮಕ್ಕಳ ಆರೋಗ್ಯ ತಪಾಸಣೆಗೆ ಬರುವ ಆರ್‌ಬಿಎಸ್‌ಕೆ ತಂಡವೂ ಅಲ್ಲಿಗೆ ಕಳಿಸುತ್ತದೆ. 18 ವರ್ಷದವರೆಗೆ ಈ ಸೇವೆ ಉಚಿತ.

ಜೊತೆಗೇ ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಿ. ಬಾದಾಮಿ, ಹುನಗುಂದ, ಇಳಕಲ್ ಕಡೆಯವರಿಗೆ ಗ್ರಾಮ ಪಂಚಾಯಿತಿ ಮಟ್ಟದ ಪುನರ್ವಸತಿ ಕಾರ್ಯಕರ್ತರು ನೆರವಾಗುತ್ತಾರೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಅಥವಾ ಬಹುವಿಧ ಅಂಗವೈಕಲ್ಯ ಇದ್ದರೆ ‘ನಿರಾಮಯ’ ಆರೋಗ್ಯ ವಿಮೆಯನ್ನು ಬಿಡಬೇಡಿ. ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ಈ ವಿಮೆಯಲ್ಲಿ ಥೆರಪಿ ಖರ್ಚಿಗೂ ಪಾಲಿದೆ.

ಕುದುರೆಯ ಯೋಚನೆ ಅದಾದ ಮೇಲೆ. ಫಿಟ್ಸ್ ಹತೋಟಿಯಲ್ಲಿದೆಯೇ, ಸೊಂಟದ ಕೀಲು ಜಾರಿದೆಯೇ, ಪ್ರಾಣಿಗಳ ಕೂದಲಿಗೆ ಅಲರ್ಜಿ ಇದೆಯೇ ಎಂದು ವೈದ್ಯರನ್ನು ಕೇಳಿ. ಡೌನ್ ಸಿಂಡ್ರೋಮ್ ಇರುವ ಮಗುವಿನ ಕತ್ತಿನ ಮೇಲ್ಭಾಗದ ಕೀಲು ಸಡಿಲವಿರಬಹುದು. ಆ ತಪಾಸಣೆ ಆಗದೆ ಹತ್ತಿಸಲೇಬಾರದು.

ಮದುವೆ ಮೆರವಣಿಗೆಯ ಕುದುರೆಯನ್ನು ಬಾಡಿಗೆಗೆ ತರುವುದು ಬೇಡವೇ ಬೇಡ. ಮಗು ಚೀರಿದರೆ, ಜೂಲು ಜಗ್ಗಿದರೆ ಸುಮ್ಮನಿರುವ ತರಬೇತಿ ಅದಕ್ಕಿರುವುದಿಲ್ಲ.

ಸರಿಯಾದ ಕೇಂದ್ರ ಸಿಗುವವರೆಗೆ ಮನೆಯಲ್ಲಿ ಮಾಡುವಂಥದ್ದಿದೆ. ಥೆರಪಿಸ್ಟ್‌ಗೆ ತೋರಿಸಿ, ಅವರು ಹ್ಞೂಂ ಅಂದ ಮೇಲೆ ಶುರು ಮಾಡಿ. ಹಳೆ ಕೌದಿಯನ್ನು ಬಿಗಿಯಾಗಿ ಸುತ್ತಿ ಎರಡು ಕಡೆ ಕಟ್ಟಿ. ಮಗುವನ್ನು ಅದರ ಮೇಲೆ ಆಚೆಗೊಂದು ಈಚೆಗೊಂದು ಕಾಲು ಹಾಕಿ ಕೂರಿಸಿ. ಪಾದ ನೆಲಕ್ಕೆ ಪೂರ್ತಿ ಊರಿರಲಿ. ನೀವು ಹಿಂದೆ ಕೂತು ಸೊಂಟ ಹಿಡಿದು ನಿಧಾನವಾಗಿ ಅತ್ತಿತ್ತ ಉರುಳಿಸಿ. ಮುಂದೆ ಬಳೆ ಇಟ್ಟು, ಒಂದೊಂದಾಗಿ ಕೋಲಿಗೆ ಹಾಕಲು ಹೇಳಿ. ದಿನಕ್ಕೆ ಐದು–ಹತ್ತು ನಿಮಿಷ ಸಾಕು.

ಬೆಂಗಳೂರಿನಲ್ಲಿ ಪುಷ್ಪಾ ಬೋಪಯ್ಯ ಅವರಂಥವರು ಕುದುರೆ ಥೆರಪಿ ನಡೆಸಿಕೊಂಡು ಬಂದಿದ್ದಾರೆ. ಯಾವುದೇ ಕೇಂದ್ರಕ್ಕೆ ಹೋಗುವ ಮುನ್ನ ಫೋನಿನಲ್ಲೇ ಕೇಳಿ: ಥೆರಪಿಸ್ಟ್ ಜೊತೆಗಿರುತ್ತಾರೆಯೇ? ಕುದುರೆ ಹಿಡಿಯಲು ಒಬ್ಬರು, ಮಗುವಿನ ಎರಡೂ ಬದಿಗೆ ಒಬ್ಬೊಬ್ಬರು ಇರುತ್ತಾರೆಯೇ? ಮಗುವಿನ ಅಳತೆಯ ಹೆಲ್ಮೆಟ್ ಇದೆಯೇ? ‘ಪೂರ್ತಿ ಗುಣ’ ಎಂದು ಯಾರಾದರೂ ಭರವಸೆ ಕೊಟ್ಟರೆ ಅಲ್ಲಿಗೆ ಹೋಗಬೇಡಿ.

ವಾರವಾರ ಬೆಂಗಳೂರಿಗೆ ಅಲೆಯಲು ಸಾಲ ಮಾಡಬೇಡಿ. ಆ ದುಡ್ಡು, ಆ ಶಕ್ತಿ ಬಾಗಲಕೋಟೆಯ ಥೆರಪಿ ಒಂದು ವಾರವೂ ತಪ್ಪದಿರುವುದಕ್ಕೆ ಹೋಗಲಿ. ಬೇಸಿಗೆ ರಜೆಯಲ್ಲಿ ಕೆಲವು ವಾರ ಬೆಂಗಳೂರಿನಲ್ಲೇ ಉಳಿಯಲು ಅನುಕೂಲವಿದ್ದರೆ ಹೋಗಿ. ಬಾಗಲಕೋಟೆ, ಬಾದಾಮಿ ನಿಲ್ದಾಣಗಳಲ್ಲಿ ಬೆಂಗಳೂರಿಗೆ ಹೋಗುವ ಗೋಲಗುಂಬಜ್ ಎಕ್ಸ್‌ಪ್ರೆಸ್ ನಿಲ್ಲುತ್ತದೆ. ಅರ್ಹ ಮಗುವಿಗೂ ಜೊತೆಗಾರರೊಬ್ಬರಿಗೂ ಸ್ಲೀಪರ್‌ನಲ್ಲಿ ಶೇ 75 ರಿಯಾಯಿತಿ ಸಿಗುತ್ತದೆ. ರೈಲ್ವೆಯ ರಿಯಾಯಿತಿ ಪ್ರಮಾಣಪತ್ರವನ್ನು ಮೊದಲೇ ಮಾಡಿಸಿಕೊಳ್ಳಿ.