ಕೊನೆಕೊಯ್ಲಿಗೆ ಅರ್ಧ ರಜೆ

ಮೇ ಕೊನೆಯ ವಾರ ಸಾಗರದ ಪೇಟೆಯಲ್ಲಿ ಪುಸ್ತಕದಂಗಡಿಗಳ ಮುಂದೆ ಕಾಲಿಡಲು ಜಾಗ ಇರುವುದಿಲ್ಲ. ಮಕ್ಕಳಿಗೆ ಮನೆಯಲ್ಲೇ ಕಲಿಸುವ ನನಗೂ ಅದೇ ವಾರ ಪೇಟೆಯಲ್ಲಿ ಕೆಲಸವಿರುತ್ತದೆ, ಆದರೆ ಝೆರಾಕ್ಸ್ ಅಂಗಡಿಯಲ್ಲಿ. ರಾಜ್ಯ ಪಠ್ಯಕ್ರಮದ ಪುಸ್ತಕಗಳು ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ. ಎರಡು ಭಾಗಗಳಲ್ಲಿರುವ ಪುಸ್ತಕಗಳ ಮೊದಲ ಭಾಗವನ್ನಷ್ಟೇ ಪ್ರಿಂಟ್ ತೆಗೆಸಿ ಸ್ಪೈರಲ್ ಹಾಕಿಸುತ್ತೇನೆ. ಎರಡನೆಯದು ದಸರೆ ಕಳೆದ ಮೇಲೆ. ಇಡೀ ವರ್ಷದ ರಾಶಿ ಮೇಜಿನ ಮೇಲೆ ಕೂತಿದ್ದರೆ ಮಕ್ಕಳಿಗೇನೂ ಆಗುವುದಿಲ್ಲ, ನನಗೇ ಎದೆ ಡವಡವ.

ಮಗಳಿಗೆ ಈಗ 13, ಮಗನಿಗೆ 8. ಮನೆಶಾಲೆಯ ತಯಾರಿ ಎಂದರೆ ಗೋಡೆಗೆ ಬಣ್ಣಬಣ್ಣದ ವೇಳಾಪಟ್ಟಿ ಅಂಟಿಸುವುದು ಎಂದುಕೊಂಡವರು ಬಹಳ. ನಮ್ಮಲ್ಲಿ ಮೊದಲು ಕೈಗೆ ಬರುವುದು ಪಂಚಾಂಗ, ಆಮೇಲೆ ತೋಟದ ಲೆಕ್ಕದ ಪುಸ್ತಕ. ಅಡಿಕೆ ಮನೆಯಲ್ಲಿ ವರ್ಷವನ್ನು ಯಾರು ನಡೆಸುತ್ತಾರೆ ಎಂಬುದು ಮೊದಲೇ ತೀರ್ಮಾನವಾಗಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ನೆಂಟರಿಷ್ಟರು ಕಡಿಮೆ, ಹೊರಗೆ ಕಾಲಿಡುವ ಹಾಗಿಲ್ಲ. ಓದು-ಬರಹದ ಭಾರವೆಲ್ಲ ಈ ನಾಲ್ಕು ತಿಂಗಳ ಮೇಲೆಯೇ ಬೀಳಬೇಕು. ನವೆಂಬರ್‌ನಲ್ಲಿ ಕೊನೆಕೊಯ್ಲು ಶುರುವಾಯಿತೆಂದರೆ ಅಂಗಳದ ತುಂಬ ಜನ. ಅಡಿಕೆ ಸುಲಿಯುವುದು, ಬೇಯಿಸುವುದು, ಒಣಗಿಸುವುದು. ಆ ದಿನಗಳಿಗೆ ಬೆಳಗಿನ ಒಂದು ಗಂಟೆ ಗಣಿತ ಬಿಟ್ಟು ಬೇರೇನನ್ನೂ ಇಟ್ಟುಕೊಳ್ಳುವುದಿಲ್ಲ. ಅರ್ಧ ರಜೆ ಎಂದೇ ಅದಕ್ಕೆ ಹೆಸರು. ಪಾಠದ ವರ್ಷವನ್ನು ಮನೆಯ ವರ್ಷದೊಳಗೆ ಕೂರಿಸಬೇಕು. ಮನೆಯನ್ನೇ ಎಳೆದು ಶಾಲೆ ಮಾಡಹೊರಟರೆ ಜುಲೈ ಮುಗಿಯುವ ಮುಂಚೆ ಎಲ್ಲರಿಗೂ ಸಾಕಾಗುತ್ತದೆ.

ಈ ಹೊಂದಾಣಿಕೆಯಿಂದ ಸಿಗುವ ಲಾಭ ಸಣ್ಣದಲ್ಲ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಸುವ ಹೊತ್ತು ಮಗಳ ಪಟ್ಟಿಯಲ್ಲಿ ‘ಶೇಕಡಾ’ ಪಾಠ ಬರುವಂತೆ ನೋಡಿಕೊಂಡೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಐವತ್ತೈವತ್ತು ಲೀಟರಿನಲ್ಲಿ ಬೇರೆಬೇರೆ ಕರಗಿಸಿ ಆಮೇಲೆ ಕೂಡಿಸಬೇಕು. ಇನ್ನೂರು ಲೀಟರಿನ ಡ್ರಮ್ಮಿಗೆ ಎಷ್ಟು ಎಂಬುದನ್ನು ಮಗನೇ ಹೇಳಿದ. ಮಗಳು ತಡೆದು ಕೇಳಿದಳು: “ಅಪ್ಪಾ, ಸುಣ್ಣಾನೂ ಸೇರಿದ್ರೆ ಇದು ಶೇಕಡಾ ಎರಡು ಆಗ್ಬೇಕಲ್ವಾ? ಒಂದು ಅಂತ ಯಾಕೆ ಹೇಳ್ತೀರಿ?” ಲೆಕ್ಕ ಹಿಡಿಯುವುದು ಮೈಲುತುತ್ತದ್ದು ಮಾತ್ರ ಎಂದು ಅವರಪ್ಪ ಹೇಳುವಷ್ಟರಲ್ಲಿ ಔಷಧಿ ಹೊಡೆಯಲು ಬಂದವರು ತಿಕ್ಕಿ ತೊಳೆದ ಕತ್ತಿಯ ಅಲಗನ್ನು ದ್ರಾವಣದಲ್ಲಿ ಅದ್ದಿ ಮೇಲೆತ್ತಿದ್ದರು. ಅಲಗಿನ ಮೇಲೆ ಕೆಂಪಗೆ ತಾಮ್ರ ಹತ್ತಿತ್ತು. “ಸುಣ್ಣ ಸಾಲ, ಇನ್ನೊಂಚೂರು ಹಾಕಿ,” ಎಂದರು. ಕಬ್ಬಿಣಕ್ಕೆ ತಾಮ್ರ ಯಾಕೆ ಹತ್ತಿತು ಎಂಬುದು ರಸಾಯನಶಾಸ್ತ್ರದ ಪುಸ್ತಕದಲ್ಲಿ ಮುಂದೆ ಬರುವ ಪಾಠ. ಅವಳು ಅವತ್ತು ಸಂಜೆಯೇ ಅದನ್ನು ಹುಡುಕಿ ಓದಿದಳು. ಇಂಥದ್ದು ದಿನಾ ಆಗುವುದಿಲ್ಲ, ಆಗಬೇಕೆಂದು ಕಾದು ಕೂತರೆ ಭಿನ್ನರಾಶಿ ಹಾಗೇ ಉಳಿಯುತ್ತದೆ. ಎಲ್ಲವನ್ನೂ ತೋಟವೇ ಕಲಿಸುತ್ತದೆ ಎನ್ನುವವರ ಮೇಲೆ ನನಗೆ ನಂಬಿಕೆಯಿಲ್ಲ. ಮಗ್ಗಿ ಬಾಯಿಪಾಠ ಆಗಲೇಬೇಕು.

ದಿನದ ಪಾಠಗಳಿಗೆ ಗಡಿಯಾರದ ಗಂಟೆ ಕಟ್ಟಿಲ್ಲ. ತಿಂಡಿಯ ತಟ್ಟೆ ತೊಳೆದಿಟ್ಟ ಮೇಲೆ ಗಣಿತ, ಹತ್ತೂವರೆಯ ಕಷಾಯದ ನಂತರ ಭಾಷೆ, ಊಟವಾಗಿ ದೊಡ್ಡವರು ಮಲಗಿದ ಹೊತ್ತಿಗೆ ಅವರವರ ಓದು. ಕರೆಂಟು, ನೆಟ್‌ವರ್ಕ್ ಎರಡನ್ನೂ ನಂಬಿ ಆಷಾಢದಲ್ಲಿ ಯಾವ ಪಾಠವನ್ನೂ ಇಡಬಾರದು. ನೋಡಬೇಕಾದ ವಿಡಿಯೋಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳುತ್ತೇನೆ.

ಬೀರು ಖಾಲಿ ಮಾಡುವ ಕೆಲಸ ಒಂದು ಮಧ್ಯಾಹ್ನದ್ದು. ಅರ್ಧ ಬರೆದ ನೋಟುಪುಸ್ತಕಗಳ ಉಳಿದ ಹಾಳೆ ಹರಿದು ದಾರ ಹಾಕಿದರೆ ಲೆಕ್ಕದ ಕರಡಿಗಾಗುತ್ತದೆ. ನಿರಂಜನರ ಸಂಪಾದಕತ್ವದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳು ಮಾವನವರು ತಂದಿಟ್ಟದ್ದು. ಅಂಕಿಅಂಶ ಹಳತಾದರೂ ಕೆಳಗಿನ ಅರೆಯಿಂದ ಅವನ್ನು ಕದಲಿಸಿಲ್ಲ, ಮಗ ಅಲ್ಲೇ ಬೋರಲು ಮಲಗಿ ಚಿತ್ರ ನೋಡುತ್ತಾನೆ.

ಅಕ್ಟೋಬರ್ ಸುಮಾರಿಗೆ ಹೆಗ್ಗೋಡಿನಲ್ಲಿ ನೀನಾಸಂ ತಿರುಗಾಟದ ಹೊಸ ನಾಟಕಗಳು ಕಾಣುತ್ತವೆ. ಆ ದಿನಗಳಲ್ಲಿ ಪಾಠ ಬಂದ್, ಮಾತಿಲ್ಲ.

ಅತ್ತೆಯವರನ್ನು ವ್ಯವಸ್ಥೆಯೊಳಗೆ ಸೇರಿಸಿಕೊಂಡದ್ದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂತು. ಮೊದಮೊದಲು “ಶಾಲೆ ಎಲ್ಲಿವರೆಗೆ ಬಂತೇ ನಿಂಗಳದ್ದು?” ಎಂಬ ಅವರ ಪ್ರಶ್ನೆಯಲ್ಲಿ ಕೊಂಕು ಇರುತ್ತಿತ್ತು. ಈಗ ಮಗ್ಗಿ, ತಿಥಿ-ನಕ್ಷತ್ರ ಮತ್ತು ಮೊಮ್ಮಗನ ಕಾಪಿ ಬರಹ ಪೂರ್ತಿ ಅವರ ಪಾಲಿನದು. “ಮಾಣಿ, ಅಕ್ಷರ ಹಳಿ ಮೇಲೆ ಕೂರವು” ಎಂದು ಅವರು ಹೇಳಿದರೆ ಅವನು ಮರುಮಾತಿಲ್ಲದೆ ಒರೆಸಿ ಬರೆಯುತ್ತಾನೆ. ನಾನು ಹೇಳಿದರೆ ವಾದ.

ಕಾಗದಪತ್ರದ ವಿಷಯ ಬೇಸರದ್ದು, ಆದರೆ ಬಿಡುವಂತಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳ ಕುರಿತದ್ದು. ಮನೆಯಲ್ಲಿ ಕಲಿಯುವವರನ್ನು ಅದು ಹೆಸರು ಹಿಡಿದು ಹೇಳುವುದಿಲ್ಲ. ಶಾಲೆಯಿಂದ ಹೊರಗುಳಿದ ಮಕ್ಕಳ ಸಮೀಕ್ಷೆಗೆ ಮೇಷ್ಟರು ಬಾಗಿಲಿಗೆ ಬಂದರೆ ಮಾತಿಗಿಂತ ಫೈಲು ಮುಂದಿಡುವುದು ಒಳ್ಳೆಯದು. ತಿಂಗಳಿಗೆ ಪ್ರತಿ ವಿಷಯದ ಒಂದೊಂದು ಹಾಳೆ, ಓದಿದ ಪುಸ್ತಕಗಳ ಪಟ್ಟಿ, ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ಇಷ್ಟು ಒಂದು ಕಡೆ ಇದ್ದರೆ ಸಾಕು. ನಾಳೆ ಮಕ್ಕಳೇ ಶಾಲೆಗೆ ಹೋಗುತ್ತೇವೆ ಎಂದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರುವ ಹಕ್ಕು ಅದೇ ಕಾಯ್ದೆಯಲ್ಲಿದೆ.

ಈ ವರ್ಷದ ಹೊಸ ತಲೆಬಿಸಿ ಮಗಳ ಹತ್ತನೆಯದು. ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಎಂದರೆ ಎಲ್ಲರೂ ಎನ್‌ಐಒಎಸ್ ಎನ್ನುವ ಸಂಸ್ಥೆಯಲ್ಲಿ, 14 ತುಂಬಿದವರು ಹತ್ತಕ್ಕೆ ಹೆಸರು ಹಚ್ಚಬಹುದು. ಐದು ವಿಷಯ, ಅದರಲ್ಲಿ ಒಂದಾದರೂ ಭಾಷೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡವೂ ಇದೆ. ಐದನ್ನೂ ಒಮ್ಮೆಗೇ ಬರೆಯಬೇಕೆಂದಿಲ್ಲ. ವರ್ಷಕ್ಕೆ ಎರಡು ಸಲ ಪರೀಕ್ಷೆ, ನೋಂದಣಿ ಐದು ವರ್ಷ ಚಾಲ್ತಿಯಲ್ಲಿರುತ್ತದೆ, ಪಾಸಾದ ವಿಷಯದ ಅಂಕ ಹಾಗೇ ಕೂಡಿರುತ್ತದೆ. ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಪರೀಕ್ಷೆಗಳಲ್ಲಿ ನಮಗೆ ಮೊದಲಿನದೇ ಸರಿ, ಎರಡನೆಯದು ಕೊಯ್ಲಿನ ಬಾಗಿಲಿಗೇ ಬಂದು ನಿಲ್ಲುತ್ತದೆ. ಕನ್ನಡ, ಇಂಗ್ಲಿಷ್, ಗಣಿತ, ವಿಜ್ಞಾನ ಇತ್ಯರ್ಥವಾಗಿವೆ. ಐದನೆಯದಕ್ಕೆ ಅವಳು ಚಿತ್ರಕಲೆ ಎನ್ನುತ್ತಾಳೆ, ಅವರಪ್ಪ ಡೇಟಾ ಎಂಟ್ರಿ ಎನ್ನುತ್ತಾರೆ, ಅತ್ತೆ ಗೃಹವಿಜ್ಞಾನ ಎಂದದ್ದಕ್ಕೆ ಅವಳು ಎದ್ದೇ ಹೋದಳು. ಪಟ್ಟಿಯಲ್ಲಿ ಸಮಾಜವಿಜ್ಞಾನವೂ ಇದೆ ಎಂದು ನಾನಿನ್ನೂ ಬಾಯಿಬಿಟ್ಟಿಲ್ಲ.